ಭೀಮೆಯ ಸಾಮಾನ್ಯ ದಿನಗಳ ಚಿತ್ರ ಯಾರ ಬಳಿ ಇದೆ?

ಭೀಮಾ ನದಿಯ ಚಿತ್ರ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ: ಹೊಳೆ ಉಕ್ಕಿ ಊರಿಗೆ ನುಗ್ಗಿದಾಗ, ಇಲ್ಲವೆ ಒಣಗಿ ಬಿರುಕು ಬಿಟ್ಟಾಗ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳಿಂದ ಬಿಟ್ಟ ನೀರು ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳನ್ನು ಹೊಕ್ಕಿತು. ಆಗಿನ ಮುಖ್ಯಮಂತ್ರಿ ವೈಮಾನಿಕ ಸಮೀಕ್ಷೆ ನಡೆಸಿದರು. ಮೇಲಿನಿಂದ ತೆಗೆದ ಆ ದಿನಗಳ ಚಿತ್ರಗಳಲ್ಲಿ ಹೊಲ ಎಲ್ಲಿ ಮುಗಿದು ಹೊಳೆ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. 2024ರ ಬೇಸಿಗೆಯ ಹೊತ್ತಿಗೆ ಅದೇ ಪಾತ್ರ ಬರಿದಾಗಿತ್ತು. ಉಜನಿಯಿಂದ ಭೀಮೆಗೆ ನೀರು ಬಿಡಿಸಬೇಕೆಂದು ಅಫಜಲಪುರದಲ್ಲಿ ಹೋರಾಟ ನಡೆಯಿತು. ಮತ್ತೆ ಕ್ಯಾಮೆರಾಗಳು ಬಂದವು. ಇವೆರಡರ ನಡುವಿನ ಮೂರೂವರೆ ವರ್ಷ ಈ ಹೊಳೆ ಹೇಗಿತ್ತು, ದಂಡೆಯ ಜನ ಅದರೊಂದಿಗೆ ಹೇಗೆ ಬದುಕಿದ್ದರು, ಯಾವ ತಿಂಗಳಲ್ಲಿ ನೀರು ಯಾವ ಮೆಟ್ಟಿಲಿಗೆ ಇಳಿದಿತ್ತು ಎಂದು ಯಾರಾದರೂ ಕೇಳಿದರೆ, ಇಗೋ ನೋಡಿ ಎಂದು ಸಾಲಾಗಿ ಇಡಬಲ್ಲ ಚಿತ್ರಗಳು ದಂಡೆಯ ಊರುಗಳ ಕೈಯಲ್ಲಿಲ್ಲ.

ಈ ಕೊರತೆ ಸಣ್ಣದಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಭೀಮೆಯ ದಂಡೆಯ ದಿನನಿತ್ಯದ ಚಿತ್ರಗಳನ್ನು ದಂಡೆಯ ಊರವರೇ ತೆಗೆಯಬೇಕು. ಗೊತ್ತುಮಾಡಿಕೊಂಡ ಜಾಗಗಳಿಂದ, ಊರು ತಾರೀಕು ಬರೆದು ತೆಗೆಯಬೇಕು. ತೆಗೆದದ್ದು ಊರಿನಲ್ಲಿ ಉಳಿಯಬೇಕು. ಇದು ಹವ್ಯಾಸದ ಮಾತು ಹೌದಾದರೂ ಅದಕ್ಕಿಂತ ಮೊದಲು ಹೊಳೆಯ ಮೇಲೆ ದಂಡೆಯವರಿಗಿರುವ ಹಕ್ಕಿನ ಮಾತು.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ಪಟ್ಟಣಗಳ ನಡು ಚೌಕದಲ್ಲಿ ನಿಂತರೆ ಹೊಳೆ ಕಾಣುವುದಿಲ್ಲ. ನದಿದಂಡೆಯ ನಗರ ಎಂದಾಗ ಕಣ್ಮುಂದೆ ಬರುವ ಕಾಶಿಯ ಘಾಟುಗಳ ಸಾಲು ಇಲ್ಲಿಲ್ಲ. ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗಾ ಎನಿಸಿಕೊಂಡು, 861 ಕಿಲೋಮೀಟರ್ ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುವ ಭೀಮೆ ಕಲಬುರಗಿ ಜಿಲ್ಲೆಯನ್ನು ಮೊದಲು ಮುಟ್ಟುವುದು ಅಫಜಲಪುರ ತಾಲ್ಲೂಕಿನಲ್ಲಿ. ಆಳಂದದ ಪಾಲಿಗೆ ಇರುವುದು ಅಮರ್ಜಾ. ಕೊರಳ್ಳಿಯ ಅಣೆಕಟ್ಟು ದಾಟಿ ಬರುವ ಆ ಚಿಕ್ಕ ಹೊಳೆ ದೇವಲ ಗಾಣಗಾಪುರದ ಸಂಗಮದಲ್ಲಿ ಭೀಮೆಯೊಳಗೆ ಬೆರೆಯುತ್ತದೆ. ಮಣ್ಣೂರಿನ ಯಲ್ಲಮ್ಮ, ಘತ್ತರಗಿಯ ಭಾಗ್ಯವಂತಿ, ಸೊನ್ನದ ಬ್ಯಾರೇಜು, ಕಲಬುರಗಿ ನಗರಕ್ಕೆ ಕುಡಿಯುವ ನೀರು ಕೊಡುವ ಸರಡಗಿ, ಜೇವರ್ಗಿ ದಾರಿಯ ಕಟ್ಟಿಸಂಗಾವಿ ಸೇತುವೆ: ಈ ದಂಡೆಯ ಗುರುತುಗಳು ಇವು. ಒಂದು ಕಾಲಕ್ಕೆ ಇಲ್ಲಿ ನಿಜವಾದ ನದಿದಂಡೆಯ ನಗರವೂ ಇತ್ತು. 1400ರ ಸುಮಾರಿಗೆ ಬಹಮನಿ ಸುಲ್ತಾನ ಫಿರೋಜ್ ಶಾ ಜೇವರ್ಗಿಯ ಎದುರು ದಂಡೆಯಲ್ಲಿ ಫಿರೋಜಾಬಾದ್ ಕಟ್ಟಿಸಿದ. ಮೂರು ಕಡೆ ಭಾರಿ ಕಲ್ಲಿನ ಕೋಟೆಗೋಡೆ ಎಬ್ಬಿಸಿ ನಾಲ್ಕನೆಯ ಕಡೆಯ ಕಾವಲನ್ನು ಭೀಮೆಗೇ ಬಿಟ್ಟ. ಆ ಅರಮನೆಗಳು ಹಾಳಾದವು. ಗೋಡೆಯೊಳಗೆ ಇಂದು ಹೊಲಗಳಿವೆ, ಒಂದು ಹಳ್ಳಿಯಿದೆ.

ಈ ಗುರುತುಗಳ ಚಿತ್ರಗಳಿಗೆ ಕೊರತೆಯಿಲ್ಲ. ಹುಣ್ಣಿಮೆ, ಅಮಾವಾಸ್ಯೆಗೆ ದತ್ತಕ್ಷೇತ್ರ ಗಾಣಗಾಪುರಕ್ಕೆ ಬರುವ ಭಕ್ತರಲ್ಲಿ ಸಂಗಮದ ಸ್ನಾನದ, ಔದುಂಬರದ ಕೆಳಗೆ ಗುರುಚರಿತ್ರೆ ಓದುತ್ತ ಕುಳಿತವರ, ಮಠದ ಬಾಗಿಲಿನ ಚಿತ್ರ ಇಲ್ಲದ ಫೋನು ಅಪರೂಪ. ಬ್ಯಾರೇಜಿನ ಗೇಟು ತೆರೆದ ದಿನ ಸೇತುವೆಯ ಮೇಲೆ ನಿಂತು ಸೆಲ್ಫಿ ತೆಗೆದುಕೊಳ್ಳುವ ಹುಡುಗರನ್ನು ಪೊಲೀಸರು ಓಡಿಸಬೇಕಾಗುತ್ತದೆ. ಸಿಗದೇ ಇರುವುದು ಬೇರೆಯ ಚಿತ್ರಗಳು. ದಸರೆಗೆ ಮೊದಲು ಮನೆಯ ಕೌದಿ, ಜಮಖಾನೆಗಳನ್ನೆಲ್ಲ ಗಂಟುಕಟ್ಟಿ ಟ್ರ್ಯಾಕ್ಟರಿನಲ್ಲಿ ಹೊಳೆಗೆ ತಂದು ಒಗೆದು ದಂಡೆಯ ಉದ್ದಕ್ಕೂ ಹಾಸುತ್ತಾರಲ್ಲ, ಆ ದಿನದ್ದು. ಸಂಕ್ರಮಣದ ದಿನ ಎಳ್ಳು ಹಚ್ಚಿಕೊಂಡು ಮಿಂದು, ಉಸುಕಿನ ಮೇಲೆ ಸಜ್ಜಿ ರೊಟ್ಟಿ, ಭಜ್ಜಿಯ ಬುತ್ತಿ ಬಿಚ್ಚಿದ ಕುಟುಂಬಗಳದ್ದು. ಊರದೇವರ ಪಲ್ಲಕ್ಕಿ ಗಂಗಾಸ್ನಾನಕ್ಕೆ ಇಳಿಯುವ ಜಾಡಿನದ್ದು. ಸೇತುವೆ ಬರುವ ಮುಂಚೆ ಜನರನ್ನು ದಾಟಿಸುತ್ತಿದ್ದ ಅಂಬಿಗ ಮನೆತನಗಳು ಈಗ ಬಲೆ ಬೀಸುವ ಮಡುವಿನದ್ದು. ಹೊಳೆಗೆ ಇಳಿಸಿದ ಕಬ್ಬಿನ ಮೋಟಾರುಗಳು, ಒಂದರ ಮೈಮೇಲೊಂದು ಹಾಯ್ದು ಹೋದ ಕರೀ ಪೈಪುಗಳು, ನೀರು ಏರುತ್ತಿದೆ ಎಂಬ ಸುದ್ದಿ ಬಂದ ರಾತ್ರಿ ಬ್ಯಾಟರಿ ಹಿಡಿದು ಮೋಟಾರು ಎತ್ತಲು ಓಡುವ ರೈತರು. ನೀರು ಹಿಂದೆ ಸರಿದಂತೆ ಪೈಪು ಮುಂದೆ ಮುಂದೆ ಹೋಗುತ್ತದೆ. ಮಾರ್ಚಿನಲ್ಲಿ ಒಂದು ಪೈಪಿನ ಉದ್ದ ನೋಡಿದರೆ ಆ ವರ್ಷದ ಬೇಸಿಗೆಯ ಕಥೆಯ ಅರ್ಧ ತಿಳಿಯುತ್ತದೆ. ಯಾವ ಕೇರಿಯವರು ಯಾವ ರೇವಿನಲ್ಲಿ ಇಳಿಯುತ್ತಾರೆ, ಯಾರ ರೇವು ಮೇಲೆ, ಯಾರದು ಚರಂಡಿ ಸೇರುವ ಕೆಳಗೆ ಎಂಬುದೂ ದಂಡೆಯ ಮೇಲೆ ಬರೆದಿಟ್ಟಂತೆ ಕಾಣುವ ಸಂಗತಿಯೇ. ಯಾವ ಸರ್ಕಾರಿ ವರದಿಯೂ ಅದನ್ನು ಬರೆಯುವುದಿಲ್ಲ.

ಇದರಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ತೋರಿಸುವುದು ಈ ತಾಲ್ಲೂಕುಗಳ ಜನ ಈಗಾಗಲೇ ದಿನವೂ ಕಾಣುತ್ತಿರುವ ಒಂದು ಬದಲಾವಣೆಯನ್ನು. ಬಡವರ ಬದುಕಿನಲ್ಲಿ ಫೋಟೊ ಎಂಬುದು ಈಗ ಕಾಗದಪತ್ರ. 2020ರ ಮುಂಗಾರಿನಿಂದ ರೈತರೇ ತಮ್ಮ ಹೊಲದಲ್ಲಿ ನಿಂತು ತೊಗರಿಯದೋ ಹತ್ತಿಯದೋ ಫೋಟೊ ತೆಗೆದು ಬೆಳೆ ಸಮೀಕ್ಷೆಯ ಆ್ಯಪ್‌ಗೆ ಏರಿಸುವ ವ್ಯವಸ್ಥೆ ಬಂತು. ಬೆಳೆ ಪರಿಹಾರ, ವಿಮೆಯ ಲೆಕ್ಕಕ್ಕೆ ಆ ಮಾಹಿತಿಯೇ ಆಧಾರ. 2023ರ ಜನವರಿಯಿಂದ ಉದ್ಯೋಗ ಖಾತರಿಯ ಕೆಲಸದ ಸ್ಥಳದಲ್ಲಿ ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ಆಗಲೇಬೇಕು, ಇಲ್ಲದಿದ್ದರೆ ಹಾಜರಿ ಇಲ್ಲ. ವಸತಿ ಯೋಜನೆಯ ಮನೆಗೆ ಬುನಾದಿಯಿಂದ ಛಾವಣಿಯವರೆಗೆ ಹಂತಹಂತಕ್ಕೂ ಫೋಟೊ ಬೇಕು, ಆಮೇಲೆಯೇ ಕಂತು. ಹೀಗೆ ತೆಗೆದ ಚಿತ್ರಗಳು ಎಲ್ಲಿ ಹೋಗುತ್ತವೆ? ಸರ್ಕಾರದ ಸರ್ವರಿಗೆ. ಬಿಸಿಲಲ್ಲಿ ಸಾಲಾಗಿ ನಿಂತ ಕೂಲಿಯ ಹೆಣ್ಣುಮಗಳು ತನ್ನದೇ ಚಿತ್ರವನ್ನು ಮರಳಿ ನೋಡುವುದಿಲ್ಲ. ನಾವು ಕೊಡಬೇಕಾದ ಚಿತ್ರಗಳಿಗೆಲ್ಲ ನಿಯಮವಿದೆ. ನಮಗೆ ಬೇಕಾದ ಚಿತ್ರಗಳಿಗೆ ಒಂದು ಡಬ್ಬಿಯೂ ಇಲ್ಲ. ಪ್ರವಾಹದ ನಂತರ ಪಂಚನಾಮೆಗೆ ಬಂದವರು ನಿಮ್ಮ ಮನೆ ಮೊದಲು ಹೇಗಿತ್ತು, ನೀರು ಎಲ್ಲಿಗೆ ಬಂದಿತ್ತು ಎಂದು ಕೇಳಿದಾಗ ಮನೆಯವರು ಗೋಡೆಯ ಮೇಲಿನ ಕೆಸರಿನ ಗೆರೆ ತೋರಿಸುತ್ತಾರೆ. ಆ ಗೆರೆ ಮುಂದಿನ ದೀಪಾವಳಿಯ ಸುಣ್ಣದಲ್ಲಿ ಮುಚ್ಚಿಹೋಗುತ್ತದೆ. ನೀರು ಬರುವ ಮೊದಲಿನ ಮನೆಯ ಚಿತ್ರವಂತೂ ಮದುವೆಯ ಆಲ್ಬಮ್ಮಿನ ಹಿನ್ನೆಲೆಯಲ್ಲಿ ಇದ್ದರೆ ಇತ್ತು.

ದೇವಣಗಾಂವ ಸೇತುವೆಯ ಬಳಿ ಕೇಂದ್ರ ಜಲ ಆಯೋಗದವರು ಭೀಮೆಯ ಮಟ್ಟವನ್ನು ಅಳೆದು ಅಂಕಿಗಳನ್ನು ಬರೆದಿಡುತ್ತಾರೆ. ಬಹಳ ಬೆಲೆಯ ಕೆಲಸವದು. ಆದರೆ ಅಲ್ಲಿ ನೀರು ಇಷ್ಟು ಮೀಟರ್ ಏರಿತು ಎಂದರೆ ಯಾವ ಊರಿನ ಯಾವ ಓಣಿಗೆ ನೀರು ಬಂತು, ಹನುಮಂತ ದೇವರ ಕಟ್ಟೆ ಮುಳುಗಿತೇ, ಶಾಲೆಯ ಜಗುಲಿ ಉಳಿಯಿತೇ ಎಂಬುದು ಅಂಕಿಯಲ್ಲಿ ಇರುವುದಿಲ್ಲ. ಅದೇ ತಾರೀಕಿನ ಒಂದು ಚಿತ್ರ ಆ ಅಂಕಿಯ ಪಕ್ಕ ಬಂದು ಕುಳಿತರೆ ಮುಂದಿನ ಸಲ ಎಚ್ಚರಿಕೆ ಬಂದಾಗ ಯಾವ ಕೇರಿಯನ್ನು ಮೊದಲು ಖಾಲಿ ಮಾಡಿಸಬೇಕೆಂದು ಚರ್ಚಿಸುವ ಅಗತ್ಯವೇ ಬೀಳುವುದಿಲ್ಲ. ಬರಗಾಲದಲ್ಲೂ ಹೀಗೆಯೇ. ಕೃಷ್ಣಾ ಕಣಿವೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ಭೀಮೆಯಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ 15 ಟಿಎಂಸಿಯ ಮಾತು ಬೇಸಿಗೆ ಬಂತೆಂದರೆ ಏಳುತ್ತದೆ. ಫೋಟೊ ಟಿಎಂಸಿಯನ್ನು ಅಳೆಯಲಾರದು, ನಿಜ. ಫೆಬ್ರವರಿಯ ಯಾವ ವಾರದಲ್ಲಿ ಹರಿವು ನಿಂತು ಮಡುಗಳಷ್ಟೇ ಉಳಿದವು, ಹತ್ತು ವರ್ಷದಲ್ಲಿ ಆ ವಾರ ಎಷ್ಟು ಹಿಂದಕ್ಕೆ ಬಂದಿದೆ ಎಂಬುದನ್ನು ಮಾತ್ರ ಅದು ಯಾರೂ ಅಲ್ಲಗಳೆಯಲಾಗದಂತೆ ತೋರಿಸುತ್ತದೆ.

ಚಿತ್ರಕ್ಕೆ ಹೆಸರು ಬರೆದಿಡುವುದು ಎಷ್ಟು ದೊಡ್ಡ ಕೆಲಸ ಎಂಬುದಕ್ಕೆ ಭೀಮೆಯ ದಂಡೆಯಲ್ಲೇ ಸುಮಾರು ಎರಡು ಸಾವಿರ ವರ್ಷದ ಸಾಕ್ಷಿಯಿದೆ. ಜೇವರ್ಗಿಯಿಂದ ಹೊಳೆಯ ಗುಂಟ ಕೆಳಗೆ ಹೋದರೆ ಸನ್ನತಿ, ಅದರ ಪಕ್ಕಕ್ಕೆ ಕನಗನಹಳ್ಳಿ. 1986ರಲ್ಲಿ ಸನ್ನತಿಯ ಕಾಳಿ ಗುಡಿಯ ಛಾವಣಿ ಕುಸಿದಾಗ ಮೂರ್ತಿಯ ಪೀಠವಾಗಿ ಬಳಕೆಯಾಗಿದ್ದ ಕಲ್ಲು ಅಶೋಕನ ಶಾಸನವೆಂದು ಗೊತ್ತಾಯಿತು. ಮುಂದೆ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಒಂದು ಮಹಾಸ್ತೂಪದ ಕಲ್ಲಿನ ಫಲಕಗಳು ಹೊರಬಂದವು. ಅವುಗಳಲ್ಲೊಂದರ ಮೇಲೆ ರಾಣಿಯೊಂದಿಗೆ, ಚಾಮರ ಹಿಡಿದ ಪರಿಚಾರಿಕೆಯರ ನಡುವೆ ನಿಂತ ರಾಜನಿದ್ದಾನೆ. ಅಂಥ ರಾಜರು ನಮ್ಮ ಶಿಲ್ಪಗಳಲ್ಲಿ ಬೇಕಾದಷ್ಟು ಮಂದಿ. ಈ ಫಲಕದ ಮೇಲೆ ಮಾತ್ರ ಶಿಲ್ಪಿ ಬ್ರಾಹ್ಮಿ ಅಕ್ಷರಗಳಲ್ಲಿ ಇವನು ರಾಜ ಅಶೋಕ ಎಂದು ಕೆತ್ತಿದ. ಆ ಒಂದು ಸಾಲು ಇರದಿದ್ದರೆ ಅದು ಇನ್ನೊಬ್ಬ ಹೆಸರಿಲ್ಲದ ಅರಸನ ಚಿತ್ರವಾಗಿ ಉಳಿಯುತ್ತಿತ್ತು. ಆ ಸಾಲು ಇದ್ದುದರಿಂದ ಜಗತ್ತಿನ ಇತಿಹಾಸಕಾರರು ಭೀಮೆಯ ದಂಡೆಗೆ ಬಂದರು. ನಮ್ಮ ಫೋನುಗಳಲ್ಲಿರುವ ಸಾವಿರಾರು ಹೊಳೆಯ ಚಿತ್ರಗಳಿಗೆ ಈ ಸಾಲು ಇಲ್ಲ. ಇನ್ನು ಮೂವತ್ತು ವರ್ಷಕ್ಕೆ ಅವು ಯಾವುದೋ ಹೊಳೆ, ಯಾವುದೋ ದಂಡೆ, ಯಾರೋ ಜನ ಎಂದಾಗುತ್ತವೆ.

ಹಾಗಾದರೆ ಗುಡಿ, ಸೇತುವೆ, ಕೋಟೆಗಳ ಚಿತ್ರ ತೆಗೆಯುವುದು ವ್ಯರ್ಥವೇ? ಖಂಡಿತ ಅಲ್ಲ. ಗುರುತಿನ ಕಟ್ಟಡಕ್ಕೆ ಒಂದು ದೊಡ್ಡ ಗುಣವಿದೆ: ಅದು ಜಾಗ ಬಿಟ್ಟು ಕದಲುವುದಿಲ್ಲ. ಅದಕ್ಕೇ ಅದು ಅಳತೆಗೋಲಾಗುತ್ತದೆ. ಸಂಗಮದ ಮೆಟ್ಟಿಲುಗಳನ್ನು ಒಂದೇ ಕಡೆಯಿಂದ ವರ್ಷವಿಡೀ ತೆಗೆಯಿರಿ. ನೀರಿನ ಮೇಲೆ ಕಾಣುವ ಮೆಟ್ಟಿಲು ಎಣಿಸಿದರೆ ಸಾಕು, ಹೊಳೆಯ ಏರಿಳಿತದ ಪಟ್ಟಿ ಸಿದ್ಧವಾಗುತ್ತದೆ. ಕಟ್ಟಿಸಂಗಾವಿ ಸೇತುವೆಯ ಕಂಬಗಳನ್ನು ತೆಗೆಯಿರಿ. ಉಸುಕು ಹೋದಂತೆ ಕಂಬದ ಬುಡ ಎಷ್ಟು ಬಯಲಾಯಿತು ಎಂಬುದು ವರ್ಷದಿಂದ ವರ್ಷಕ್ಕೆ ಕಣ್ಣಿಗೆ ಬೀಳುತ್ತದೆ. ಫಿರೋಜಾಬಾದಿನ ಹೊಳೆಯ ಕಡೆಯ ಅಂಚನ್ನು ತೆಗೆಯಿರಿ. ಪ್ರವಾಹದ ನೀರು ಆ ಆರು ನೂರು ವರ್ಷದ ದಂಡೆಯನ್ನು ಎಷ್ಟು ಕೊರೆಯುತ್ತಿದೆ ಎಂದು ಗೊತ್ತಾಗುತ್ತದೆ. ಪ್ರವಾಸಿ ಗುಡಿಯನ್ನು ಗುಡಿಗಾಗಿ ತೆಗೆಯುತ್ತಾನೆ. ದಂಡೆಯವನು ಗುಡಿಯನ್ನು ಹೊಳೆಗಾಗಿ ತೆಗೆಯಬೇಕು.

ಈ ಬಗೆಯ ಕೆಲಸದ ಬೆಲೆ ಕರ್ನಾಟಕಕ್ಕೆ ಹಂಪಿಯಲ್ಲಿ ಗೊತ್ತಾಗಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಗುಡಿ, ಬೀದಿ, ಹೊಳೆಯ ದಂಡೆಗಳನ್ನು ತೆಗೆದಿದ್ದ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ನಡುವಿನ ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಬಿತ್ತು, ಏನು ಉಳಿಯಿತು ಎಂಬುದು ಮಾತಿಲ್ಲದೆ ತಿಳಿಯಿತು. ನಮ್ಮ ಕಡೆಯೂ ಇಂಥ ಮೊದಲ ಹೆಜ್ಜೆ ಇಲ್ಲದಿಲ್ಲ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜೇವರ್ಗಿ ಬಳಿಯ ಪುರಾತನ ಸಮಾಧಿಗಳ ಕಲ್ಲುವೃತ್ತಗಳನ್ನು ಅಗೆದು, ಅಳೆದು, ವಿವರ ಬರೆದು ಪ್ರಕಟಿಸಿದ. ನಿಜಾಮರ ಆಸ್ಥಾನಕ್ಕೆ ಲಾಲಾ ದೀನ್ ದಯಾಳರಂಥ ಬಲು ದೊಡ್ಡ ಛಾಯಾಗ್ರಾಹಕರೂ ಇದ್ದರು. ಆದರೆ ಅಂದಿನ ಕ್ಯಾಮೆರಾ ಅರಮನೆ, ಕೋಟೆ, ಬೇಟೆ, ದರ್ಬಾರುಗಳ ಕಡೆ ತಿರುಗಿತ್ತು. 1948ರವರೆಗೆ ಹೈದರಾಬಾದ್ ಸಂಸ್ಥಾನದ ಅಂಚಿನಲ್ಲಿದ್ದ ಈ ಕನ್ನಡದ ಹಳ್ಳಿಗಳ ರೇವುಗಳು ಯಾರ ಲಕ್ಷ್ಯಕ್ಕೂ ಬರುವಂಥವಾಗಿರಲಿಲ್ಲ. ಅಂದು ಕ್ಯಾಮೆರಾ ದುಬಾರಿ. ಇಂದು ಕುರಿ ಕಾಯುವ ಹುಡುಗನ ಜೇಬಿನಲ್ಲೂ ಅದು ಇರುವಾಗ ರೇವು ಅಂದಿನಂತೆಯೇ ಕಾಣದೆ ಉಳಿದರೆ ತಪ್ಪು ನಮ್ಮದೇ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ, ಅದನ್ನು ದಾಟಿ ಹೋಗಲು ನನಗೆ ಮನಸ್ಸಿಲ್ಲ. ಹೊಳೆಯ ದಂಡೆಯಲ್ಲಿ ಜನ ಮೀಯುತ್ತಾರೆ, ಬಟ್ಟೆ ಬದಲಾಯಿಸುತ್ತಾರೆ, ಸತ್ತವರ ಬೂದಿ ಬಿಡುತ್ತಾರೆ, ಅಳುತ್ತಾರೆ. ಗಾಣಗಾಪುರಕ್ಕೆ ಮನಸ್ಸು ಕದಡಿದ ಎಷ್ಟೋ ಮಂದಿಯನ್ನು ಮನೆಯವರು ಕರೆತಂದು ತಿಂಗಳುಗಟ್ಟಲೆ ಸೇವೆಗೆ ಇಡುತ್ತಾರೆ. ಆರತಿಯ ಹೊತ್ತಿಗೆ ಕೆಲವರು ಕಿರುಚುತ್ತಾರೆ, ಕಂಬ ಹತ್ತುತ್ತಾರೆ, ನೆಲದ ಮೇಲೆ ಹೊರಳುತ್ತಾರೆ. ಅವರ ವಿಡಿಯೊಗಳು ದೆವ್ವ ಬಿಡಿಸುವ ದೃಶ್ಯ ಎಂಬ ತಲೆಬರಹ ಹೊತ್ತು ಲಕ್ಷಾಂತರ ಜನರ ಕಣ್ಣಿಗೆ ಬಿದ್ದಿವೆ. ಅದರಲ್ಲಿ ಕಾಣುವ ಹೆಣ್ಣುಮಗಳು ಗುಣವಾಗಿ ಊರಿಗೆ ಮರಳಿದ ಮೇಲೂ ಆ ವಿಡಿಯೊ ಅವಳ ಜೊತೆಗೇ ಊರಿಗೆ ಬಂದಿರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯಲ್ಲಿರುವ ವ್ಯಕ್ತಿಯ ಫೋಟೊವನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದು ಎನ್ನುತ್ತದೆ. ಆ ಮಾತು ಬರೆದದ್ದು ಆಸ್ಪತ್ರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇರಬಹುದು. ಗುಡಿಯ ಪಡಸಾಲೆಗೂ ಅದನ್ನು ಅನ್ವಯಿಸಿಕೊಳ್ಳುವ ಮನುಷ್ಯತ್ವ ನಮಗಿರಬೇಕು. ನನ್ನ ತೀರ್ಮಾನ ಖಡಾಖಂಡಿತ: ನೋವಿನಲ್ಲಿ ಮೈಮರೆತವರ ಚಿತ್ರ ಯಾವ ಕಾರಣಕ್ಕೂ ಬೇಡ, ದಾಖಲೆಯ ಹೆಸರಿನಲ್ಲೂ ಬೇಡ. ಸ್ನಾನದ ರೇವಿನ ಕಡೆ ಕ್ಯಾಮೆರಾ ತಿರುಗುವುದಾದರೆ ಜನ ಇಲ್ಲದ ಹೊತ್ತಿನಲ್ಲಿ. ಬಟ್ಟೆ ಒಗೆಯುವ, ಬಲೆ ಹೆಣೆಯುವ, ಎಮ್ಮೆ ಮೈತೊಳೆಯುವ ಮಂದಿಯ ಚಿತ್ರವಾದರೆ ಕೇಳಿ ತೆಗೆಯಬೇಕು. ಯವ್ವಾ, ಒಂದು ಫೋಟೊ ತೆಗೀಲೇನು ಎಂದು ಕೇಳುವುದಕ್ಕೆ ಎಷ್ಟು ಹೊತ್ತು ಬೇಕು? ತೆಗೆದ ಮೇಲೆ ಒಂದು ಪ್ರಿಂಟು ಅವರ ಮನೆಗೆ ಮುಟ್ಟಬೇಕು. ಹೊರಗಿನಿಂದ ಬಂದು ಹೋಗುವವರಿಗೆ ಇದು ಕಷ್ಟ, ಊರವರಿಗೆ ಸುಲಭ. ದಂಡೆಯವರೇ ತೆಗೆಯಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇದು ದೊಡ್ಡ ಕಾರಣ. ನಾಳೆ ಅದೇ ಓಣಿಯಲ್ಲಿ ಮುಖ ತೋರಿಸಬೇಕಾದವನು ಇಂದು ಸುಮ್ಮನೆ ಕ್ಯಾಮೆರಾ ಎತ್ತಲಾರ.

ಇನ್ನೊಂದು ಅಡ್ಡಿ ಭಯದ್ದು. ಉಸುಕಿನ ದಂಧೆ ಈ ದಂಡೆಯ ಎಲ್ಲರಿಗೂ ಗೊತ್ತಿರುವ, ಬಹಳ ಮಂದಿ ಬಾಯಿಬಿಡದ ವಿಷಯ. 2023ರ ಜೂನಿನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಉಸುಕಿನ ಟ್ರ್ಯಾಕ್ಟರು ತಡೆಯಲು ಹೋದ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಮೇಲೆ ಅದೇ ಟ್ರ್ಯಾಕ್ಟರು ಹರಿದು ಅವರು ಸತ್ತರು. ಸಮವಸ್ತ್ರದಲ್ಲಿದ್ದವರ ಗತಿಯೇ ಹೀಗಾದ ಮೇಲೆ ಕಾಲೇಜು ಹುಡುಗನೊಬ್ಬನಿಗೆ ಹೋಗಿ ಟ್ರ್ಯಾಕ್ಟರಿನ ನಂಬರು ತೆಗೆದುಕೊಂಡು ಬಾ ಎಂದು ಹೇಳುವ ಹಕ್ಕು ಯಾವ ಲೇಖಕನಿಗೂ ಇಲ್ಲ. ನಾನು ಹೇಳುತ್ತಿರುವುದು ಆ ಕೆಲಸವನ್ನಲ್ಲ. ಸೇತುವೆಯ ಮೇಲಿನ ಒಂದೇ ಜಾಗದಿಂದ ತಿಂಗಳಿಗೊಮ್ಮೆ ಹೊಳೆಯ ಪಾತ್ರದ ಒಂದು ಚಿತ್ರ. ಅದರಲ್ಲಿ ಯಾರೂ ಇರಬೇಕಿಲ್ಲ, ಯಾವ ವಾಹನವೂ ಬೇಕಿಲ್ಲ. ಉಸುಕಿನ ದಿಬ್ಬ ಇದ್ದ ಕಡೆ ತಗ್ಗು ಬಿದ್ದು, ತಗ್ಗಿನಲ್ಲಿ ಕೆಂಪು ನೀರು ನಿಂತು, ಬಳ್ಳಾರಿ ಜಾಲಿ ಬೆಳೆದದ್ದು ಐದು ವರ್ಷದ ಅರವತ್ತು ಚಿತ್ರಗಳಲ್ಲಿ ತಾನೇ ಬಂದಿರುತ್ತದೆ. ಅವನ್ನು ಒಬ್ಬನ ಹೆಸರಿನಲ್ಲಿ ಇಡದೆ ಶಾಲೆಯ, ಸಂಘದ ಅಥವಾ ಪಂಚಾಯಿತಿಯ ಹೆಸರಿನಲ್ಲಿ ಇಟ್ಟರೆ ಯಾರ ಮೇಲೂ ಕಣ್ಣು ಬೀಳುವುದಿಲ್ಲ.

ಚಂದದ ಮಾತು ಬಂದರೆ ನಾನು ಚಂದದ ವಿರೋಧಿಯಲ್ಲ. ಟಿ.ಎಸ್. ಸತ್ಯನ್ ಸಾಮಾನ್ಯ ಜನರ, ಅದರಲ್ಲೂ ಮಕ್ಕಳ ಚಿತ್ರಗಳಿಂದಲೇ ನಾಡಿನ ದೊಡ್ಡ ಛಾಯಾಗ್ರಾಹಕರಾದರು. ರಘುಬೀರ್ ಸಿಂಗ್ ಗಂಗೆಯ ದಂಡೆಯ ದಿನನಿತ್ಯವನ್ನು ಬಣ್ಣದಲ್ಲಿ ತೆಗೆದು ಜಗತ್ತಿಗೆ ತೋರಿಸಿದರು. ಅವರ ಚಿತ್ರಗಳ ಸೊಗಸು ಬದುಕಿನ ಹತ್ತಿರ ನಿಂತದ್ದರಿಂದ ಬಂದದ್ದು. ನನಗೆ ಆತಂಕ ಹುಟ್ಟಿಸುವುದು ಚಿತ್ರಕ್ಕಾಗಿ ಹೊಳೆಯನ್ನೇ ತಿದ್ದುವ ಆಸೆ. ಅಹಮದಾಬಾದಿನ ಸಾಬರಮತಿ ರಿವರ್‌ಫ್ರಂಟಿನ ಚಿತ್ರ ನೋಡಿದವರೆಲ್ಲ ತಮ್ಮೂರ ಹೊಳೆಗೂ ಕಾಂಕ್ರೀಟಿನ ದಂಡೆ, ಪಾದಚಾರಿ ದಾರಿ, ದೀಪದ ಸಾಲು ಬೇಕೆನ್ನುತ್ತಾರೆ. ಅಲ್ಲಿ ತುಂಬಿ ನಿಂತಿರುವುದು ನರ್ಮದೆಯ ಕಾಲುವೆಯಿಂದ ಬಿಟ್ಟ ನೀರು ಎಂಬುದಾಗಲಿ, ದಂಡೆಯ ಸಾವಿರಾರು ಗುಡಿಸಲಿನ ಕುಟುಂಬಗಳು ಎದ್ದು ಹೋಗಬೇಕಾಯಿತೆಂಬುದಾಗಲಿ ಆ ಚಿತ್ರದಲ್ಲಿ ಕಾಣುವುದಿಲ್ಲ. ಗಾಣಗಾಪುರದ ಸಂಗಮಕ್ಕಾಗಲಿ ಘತ್ತರಗಿಗಾಗಲಿ ಯಾತ್ರಿಕರಿಗೆ ಶೌಚಾಲಯ ಬೇಕು, ಹೆಂಗಸರಿಗೆ ಬಟ್ಟೆ ಬದಲಾಯಿಸುವ ಮರೆ ಬೇಕು, ಜಾರದ ಮೆಟ್ಟಿಲು ಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಕೌದಿ ಒಗೆಯುವ ಬಂಡೆ, ಪಲ್ಲಕ್ಕಿ ಇಳಿಯುವ ಜಾಡು, ಎಮ್ಮೆ ಮಲಗುವ ಮಡು ಎಲ್ಲಿವೆ ಎಂದು ಗೊತ್ತಿಲ್ಲದವರು ನಕ್ಷೆ ಬರೆದರೆ ಅವೆಲ್ಲ ಕಾಂಕ್ರೀಟಿನ ಅಡಿಗೆ ಹೋಗುತ್ತವೆ. ಅವುಗಳ ಚಿತ್ರ ಇದ್ದರೆ ಗ್ರಾಮಸಭೆಯಲ್ಲಿ ಎತ್ತಿ ತೋರಿಸಿ, ಇದನ್ನು ಬಿಟ್ಟು ಕಟ್ಟಿರಿ ಎನ್ನಬಹುದು.

ಫೋಟೊವನ್ನು ಇನ್ನು ಯಾರು ನಂಬುತ್ತಾರೆ, ಈಗ ಕಂಪ್ಯೂಟರೇ ಇಲ್ಲದ ಪ್ರವಾಹವನ್ನು ಬರೆದು ಕೊಡುತ್ತದೆ ಎಂಬ ಮಾತೂ ಬರುತ್ತದೆ. ಒಂಟಿ ಚಿತ್ರವನ್ನು ಯಾರಾದರೂ ಸೃಷ್ಟಿಸಬಹುದು. ಒಂದೇ ಜಾಗದಿಂದ ವರ್ಷಗಟ್ಟಲೆ ತೆಗೆದ, ಊರ ನಾಲ್ಕು ಜನರಿಗೆ ಗೊತ್ತಿರುವ, ಮೂಲ ಕಡತ ಉಳಿದಿರುವ ಸಾಲನ್ನು ಸೃಷ್ಟಿಸುವುದು ಸುಲಭವಲ್ಲ. ಇಲ್ಲಿ ಒಂದು ತಾಂತ್ರಿಕ ವಿಷಯ ಎಲ್ಲರೂ ತಿಳಿದಿರಬೇಕು. ಫೋನು ಚಿತ್ರ ತೆಗೆದಾಗ ತಾರೀಕು, ವೇಳೆ, ಲೊಕೇಶನ್ ಆನ್ ಇದ್ದರೆ ಜಾಗವೂ ಕಡತದೊಳಗೆ ಸೇರುತ್ತವೆ. ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಆ ವಿವರಗಳು ಅಳಿದುಹೋಗುತ್ತವೆ. ಪ್ರವಾಹದ ಚಿತ್ರಗಳೆಲ್ಲ ಗ್ರೂಪಿನಿಂದ ಗ್ರೂಪಿಗೆ ಹಾರಿ ಕೊನೆಗೆ ಯಾವ ಊರಿನದೆಂಬುದೇ ತಿಳಿಯದಂತಾಗುವುದು ಹೀಗೆ. ಮೂಲ ಕಡತವನ್ನು ಹಾಗೆಯೇ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಇಳಿಸಿಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ವಿದ್ಯುನ್ಮಾನ ದಾಖಲೆಗಳನ್ನು ಪ್ರಮಾಣಪತ್ರದೊಂದಿಗೆ ಸಾಕ್ಷ್ಯವಾಗಿ ಒಪ್ಪುತ್ತದೆ. ಅಂಥ ಪ್ರಮಾಣಪತ್ರ ಕೊಡಲು ಚಿತ್ರ ಯಾವ ಸಾಧನದಿಂದ, ಯಾರ ಕೈಯಿಂದ, ಹೇಗೆ ಬಂತೆಂದು ಹೇಳಲು ಬರಬೇಕು. ಫಾರ್ವರ್ಡ್ ಆಗಿ ಬಂದದ್ದಕ್ಕೆ ಅದು ಸಾಧ್ಯವಿಲ್ಲ.

ಇಡುವ ಜಾಗ ಹುಡುಕಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಕಂಪ್ಯೂಟರು ಬಂದಿರುವ ಕೇಂದ್ರಗಳೂ ಇವೆ. ಅಲ್ಲಿ ಒಂದು ರಿಜಿಸ್ಟರು, ಒಂದು ಆಲ್ಬಮ್ಮು ಸಾಕು. ಪ್ರತಿ ಚಿತ್ರದ ಒಂದು ಪ್ರಿಂಟು, ಹಿಂದೆ ಬಾಲ್‌ಪೆನ್ನಿನಲ್ಲಿ ಊರು, ಜಾಗ, ಯಾವ ದಿಕ್ಕಿಗೆ ನಿಂತದ್ದು, ತಾರೀಕು, ತೆಗೆದವರ ಹೆಸರು, ಚಿತ್ರದಲ್ಲಿರುವವರು ಒಪ್ಪಿದ್ದರೆ ಅವರ ಹೆಸರು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಮರ್ಜಾ, ಭೀಮೆಯ ದಂಡೆಯ ಹಳ್ಳಿಗಳಿಂದ ಬಂದ ಕಡತಗಳ ಒಂದೊಂದು ಪ್ರತಿಯನ್ನು ಕಾಪಾಡುವ ಹೊಣೆಯನ್ನು ಅದು ಹೊತ್ತರೆ ಈ ನೆಲದ ಋಣ ತೀರಿಸಿದಂತಾಗುತ್ತದೆ. ಶಾಲೆಯ ಮೇಷ್ಟ್ರುಗಳು ಇದನ್ನು ಸಮಾಜ ವಿಜ್ಞಾನದ ಪಾಠವಾಗಿ ಮಾಡಬಹುದು. ಹತ್ತನೆಯ ತರಗತಿಯ ಮಗು ತಾನು ಎಂಟರಲ್ಲಿದ್ದಾಗ ತೆಗೆದ ಚಿತ್ರದ ಪಕ್ಕ ಇಂದಿನದನ್ನು ಇಟ್ಟು ನೋಡಿದರೆ ಹೊಳೆಯ ಬಗ್ಗೆ ಪುಸ್ತಕ ಕಲಿಸುವುದಕ್ಕಿಂತ ಹೆಚ್ಚು ಕಲಿಯುತ್ತದೆ ಎಂದು ನಾನು ನಂಬಿದ್ದೇನೆ.

ಮಣ್ಣೂರು, ಸೊನ್ನ, ಘತ್ತರಗಿ, ಗಾಣಗಾಪುರ, ಕಟ್ಟಿಸಂಗಾವಿಯ ದಂಡೆಯ ಓದುಗರೇ, ಕೊರಳ್ಳಿಯ ಕಡೆಯ ಗೆಳೆಯರೇ, ನಿಮ್ಮೂರ ರೇವಿನಲ್ಲಿ ಒಂದು ಜಾಗ ಗೊತ್ತುಮಾಡಿಕೊಳ್ಳಿ. ಕಲ್ಲಿನ ಮೇಲೆ ಬಣ್ಣದಿಂದ ಒಂದು ಗುರುತು ಹಾಕಿ. ಪ್ರತಿ ಹುಣ್ಣಿಮೆಗೆ ಅಲ್ಲೇ ನಿಂತು ಅದೇ ದಿಕ್ಕಿಗೆ ಒಂದು ಚಿತ್ರ ತೆಗೆಯಿರಿ, ಹಿಂದೆ ತಾರೀಕು ಬರೆದು ಅರಿವು ಕೇಂದ್ರಕ್ಕೆ ಒಂದು ಪ್ರಿಂಟು ಕೊಡಿ. ಮುಂದಿನ ಮುಂಗಾರಿಗೆ ಉಜನಿಯ ಗೇಟು ತೆರೆಯುವ ಮೊದಲೇ ಶುರುಮಾಡಿ.